ಇನ್ನೊಬ್ಬನ ಭಾರಕ್ಕೆ ಕೈ ಹಚ್ಚುವುದು

ನನ್ನ ಬೆನ್ನನ್ನು ನಾನೇ ಮೊದಲ ಸಲ ನೋಡಿದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಬೆಳಗಾವಿಯ ಒಂದು ಜಿಮ್ಮಿನೊಳಗೆ. ಅಲ್ಲಿಯವರೆಗೆ ಬೆನ್ನು ಅಂದರೆ ಹಂಚು ಹೊರುವ ಜಾಗ, ಹೆಂಡತಿ ಎಣ್ಣೆ ತಿಕ್ಕಿದರೆ ಹಾಯೆನ್ನುವ ಜಾಗ, ಅಷ್ಟೇ. ಆ ಜಿಮ್ಮಿನಲ್ಲಿ ನಾಲ್ಕೂ ಗೋಡೆಗೆ ನೆಲದಿಂದ ಛಾವಣಿಯವರೆಗೆ ಕನ್ನಡಿ. ಎತ್ತ ತಿರುಗಿದರೂ ಬನಿಯನ್ ಹಾಕಿದ ಒಬ್ಬ ಗಿಡ್ಡ, ಕರಿಯ ಮನುಷ್ಯ ಬಾಯಿ ತೆರೆದು ನಿಂತಿದ್ದಾನೆ. ಅವನ ಕಾಲಲ್ಲಿ ಏನೂ ಇಲ್ಲ. ಸುತ್ತಲಿನವರೆಲ್ಲ ಬೂಟು ಬಿಗಿದುಕೊಂಡು ಕಬ್ಬಿಣ ಎತ್ತುತ್ತಿದ್ದಾರೆ. ಇವನೊಬ್ಬ ಗುಡಿಗೆ ಬಂದವನ ಹಾಗೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದಾನೆ.

ಖಾನಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ತಾಲೀಮಿನಲ್ಲಿ, ಬೇರೆ ಕಡೆ ಗರಡಿಮನೆ ಅನ್ನುತ್ತಾರಲ್ಲ, ಅದೇ, ಕೆಂಪು ಮಣ್ಣಿನ ಹತ್ತಿರ ಚಪ್ಪಲಿ ಕಾಲು ತಂದರೆ ವಸ್ತಾದ ಕುತ್ತಿಗೆ ಹಿಡಿದು ಹೊರಗೆ ಹಾಕುತ್ತಿದ್ದ. ವಸ್ತಾದ ಅಂದರೆ ಕಲಿಸುವ ಗುರು. ಒಳಗೆ ಹೋದವನು ಮೊದಲು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು, ಆಮೇಲೆ ವಸ್ತಾದನ ಕಾಲು ಮುಟ್ಟಬೇಕು. ಅದೇ ರೂಢಿಯಲ್ಲಿ ನಾನು, "ಇಲ್ಲಿ ಕಲಸಾವರು ಯಾರ್ರಿ?" ಅಂತ ಕೇಳಿದೆ. ಬಿಗಿಯಾದ ಪ್ಯಾಂಟು ಹಾಕಿದ, ಜುಟ್ಟು ಕಟ್ಟಿದ ಒಬ್ಬ ಹುಡುಗಿ ಎದುರಿಗೆ ಬಂದಳು.

"ನಾನ ಕಾಕಾ. ಸ್ನೇಹಲ್ ಅಂತ. ಟ್ರೇನರ್."

ಅಷ್ಟರಲ್ಲಿ ನನ್ನ ಸೊಂಟ ಅರ್ಧ ಬಾಗಿತ್ತು, ಕೈ ಅವಳ ಬೂಟಿನ ಕಡೆ ಹೊರಟಿತ್ತು. ಮಗಳ ವಯಸ್ಸಿನವಳ ಕಾಲು ಹೇಗೆ ಮುಟ್ಟುವುದು? ಬಾಗಿದವನು ಬಾಗಿದಂತೆಯೇ ನಿಂತೆ. ಬೂಟಿದ್ದಿದ್ದರೆ ಲೇಸು ಬಿಗಿದ ಹಾಗೆ ನಟಿಸಬಹುದಿತ್ತು. ಬರಿಗಾಲಿನ ಹೆಬ್ಬೆರಳನ್ನೇ ತಿಕ್ಕಿಕೊಂಡು ಎದ್ದೆ.

"ಮುಳ್ಳ ಚುಚ್ಚೇತೇನ್ರಿ ಕಾಕಾ?" ಅಂತ ಅವಳು ಕೇಳಿದಳು. ಕಪ್ಪು ರಬ್ಬರ್ ಹಾಸಿದ ನೆಲದ ಮೇಲೆ ಮುಳ್ಳು!

"ಹೌದ್ರಿ ಮ್ಯಾಡಮ್," ಅಂದೆ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಬಂದಿದ್ದ ನಮ್ಮ ಮನೆ ಮಾಲಕ ಪದ್ಮಣ್ಣನವರು ನಗು ತಡೆಯಲಾಗದೆ ಗೋಡೆಗೆ ಮುಖ ಮಾಡಿ ನಿಂತರು. ಗೋಡೆಯೂ ಕನ್ನಡಿಯೇ, ಅವರ ನಗು ನನಗೆ ಪೂರ್ತಿ ಕಂಡಿತು.

ಖಾನಾಪುರದಿಂದ ಬೆಳಗಾವಿಗೆ ಬಂದದ್ದನ್ನು ವಲಸೆ ಅಂದರೆ ದುಬೈಗೆ ಹೋದವರು ನಗುತ್ತಾರೆ. ಪ್ಯಾಸೆಂಜರ್ ರೈಲಿನಲ್ಲಿ ಕುಂತರೆ ಇದಲಹೊಂಡ, ದೇಸೂರ, ಆಮೇಲೆ ಬೆಳಗಾವಿ. ಶೇಂಗಾ ಪೊಟ್ಟಣ ಮುಗಿಯುವಷ್ಟರಲ್ಲಿ ಸ್ಟೇಶನ್ ಬರುತ್ತದೆ. ನಾನೂ ಹಾಗೇ ತಿಳಿದಿದ್ದೆ. ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಮಚ್ಛೆಯ ಒಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು. ಉಸುಕಿನಲ್ಲಿ ಅಚ್ಚು ಕೂಡಿಸಿ, ಕರಗಿದ ಕಬ್ಬಿಣ ಹೊಯ್ಯುವ ಕೆಲಸ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು, ಆದರೆ ನಾನು ಕೂಡಿಸಿದ ಅಚ್ಚು ಒಡೆದದ್ದನ್ನು ಯಾರೂ ಕಂಡಿಲ್ಲ. ವರ್ಷಗಟ್ಟಲೆ ದಿನಾ ಹೋಗಿ ಬಂದು ಮಾಡಿದೆ. ಪಾಳಿ ಬದಲಾಗತೊಡಗಿದ ಮೇಲೆ ಹೆಂಡತಿ ಶೋಭಾ, "ರೈಲಿನಾಗ ಸಂಸಾರ ಮಾಡೋದು ಸಾಕು, ಅಲ್ಲೇ ಎರಡು ಖೋಲಿ ಹಿಡೀರಿ," ಅಂದಳು. ಹಿಡಿದೆ. ಊರು ದೂರವಾದದ್ದು ಆವಾಗ.

ಆ ಖೋಲಿಗಳು ಪದ್ಮಣ್ಣನವರ ಮನೆಯ ಹಿತ್ತಲಿನವು, ಕೋಟೆಗೆ ನಡೆದು ಹೋಗುವಷ್ಟು ಹತ್ತಿರ. ತಲೆತಲಾಂತರದಿಂದ ಇದೇ ಓಣಿಯಲ್ಲಿರುವ ಜೈನ ಮನೆತನ. ಬಟ್ಟೆ ಅಂಗಡಿಯನ್ನು, ನಮ್ಮ ಮಾತಲ್ಲಿ ಅರಿವಿ ಅಂಗಡಿಯನ್ನು, ತಮ್ಮನ ಕೈಗೆ ಕೊಟ್ಟು ಪದ್ಮಣ್ಣನವರು ಮನೆಯಲ್ಲಿರುತ್ತಿದ್ದರು. ಬೆಳಿಗ್ಗೆ ಕೋಟೆಯ ಬಸದಿಗೆ ಹೋಗಿ ಬಂದರೆ ಅವರ ನಡಿಗೆ ಮುಗಿಯಿತು. ಮೊದಲ ದಿನವೇ ಅವರ ಹೆಂಡತಿ ಸುನಂದಾ ವೈನಿ ಬಾಗಿಲಲ್ಲಿ ನಿಂತು ಶೋಭಾಗೆ ಹೇಳಿದರು: "ನೀವ ಏನ್ ಉಣ್ಣತೀರಿ ಕೇಳಂಗಿಲ್ಲ ನಾ. ಆದ್ರ ಈ ಅಂಗಳದಾಗ ತತ್ತಿ, ಮೀನ ಬ್ಯಾಡ್ರಿ." ಊರಲ್ಲಿ ಮಳೆಗಾಲ ಬಂತೆಂದರೆ ಹಳ್ಳದ ಮೀನು ಇಲ್ಲದೆ ನಮಗೆ ಅನ್ನ ಇಳಿಯುತ್ತಿರಲಿಲ್ಲ. ಇಲ್ಲಿ ಹೊತ್ತು ಮುಳುಗುವ ಮುಂಚೆ ಮುಂದಿನ ಮನೆಯವರದು ಊಟ ಮುಗಿದು ಪಾತ್ರೆ ಬೋರಲಾಗಿರುತ್ತಿತ್ತು. ನಮ್ಮ ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಆಮೇಲೆ ಅಂಗಳಕ್ಕೆ ಬರುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಆದರೂ ಶೋಭಾ ಕಿಟಕಿ ಹಾಕಿಯೇ ಒಗ್ಗರಣೆ ಕೊಡುತ್ತಿದ್ದಳು.

ಭಾಷೆಯದೂ ಹಾಗೇ. ನಮ್ಮ ಊರಲ್ಲಿ ಮನೆಯಲ್ಲಿ ಕನ್ನಡ, ತಾಲೀಮಿನಲ್ಲಿ ಮರಾಠಿ, ಜಗಳದಲ್ಲಿ ಎರಡೂ. ಬೆಳಗಾವಿಗೆ ಬಂದ ಮೇಲೂ ಅದು ನಡೆಯಿತು. ಜಿಮ್ಮಿನಲ್ಲಿ ಮಾತ್ರ ಮೂರನೆಯದೊಂದು ಭಾಷೆ. ಹತ್ತು ಸಲ ಎತ್ತಿದರೆ ಅದು 'ಸೆಟ್', ಒಂದು ಸಲ ಎತ್ತಿದರೆ ಅದು 'ರೆಪ್'. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ಎಲ್ಲರ ಕಿವಿಯಲ್ಲೂ ಬಿಳಿಯದೊಂದು ಗುಂಡಿ. ತಾಲೀಮಿನಲ್ಲಿ ಬೈಠಕ್ ಹೊಡೆಯುವಾಗ ಎಣಿಕೆ ಓಣಿಯ ತುದಿಗೆ ಕೇಳಬೇಕು. ಇಲ್ಲಿ ನಾನು ಅದೇ ದನಿಯಲ್ಲಿ ಮರಾಠಿಯಲ್ಲಿ ಎಣಿಸತೊಡಗಿದಾಗ ಆಚೆ ಓಡುವ ಯಂತ್ರದ ಮೇಲಿದ್ದವನೊಬ್ಬ ಬೆಚ್ಚಿ ಅದರ ಗುಂಡಿ ಒತ್ತಿ ನಿಲ್ಲಿಸಿದ.

ದುಡಿಯುವವನಿಗೆ ಜಿಮ್ ಯಾಕೆ ಅಂತ ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳಿದ್ದೆ. ಪದ್ಮಣ್ಣನವರಿಗೆ ಸಕ್ಕರೆ ಏರಿತ್ತು. ಡಾಕ್ಟರು ಜಿಮ್ಮಿಗೆ ಹೋಗಿ ಅಂದಿದ್ದರು. ಒಬ್ಬರೇ ಹೋಗಲು ಅವರಿಗೆ ನಾಚಿಕೆ.

"ಬಾಳಪ್ಪನವರ, ನೀವು ತಾಲೀಮಿನ ಮನುಷ್ಯಾ. ಜೋಡಿ ಬರ್ರಿ. ನೀವು ಬಾಜೂಕ ಇದ್ರ ಈ ಹೊಟ್ಟಿ ಹೊತಗೊಂಡು ಹೋಗಾಕ ಧೈರ್ಯ ಬರತೈತಿ," ಅಂದರು.

ಆ ಮಾತು ನನ್ನನ್ನು ಉಬ್ಬಿಸಿತು. ಬಾಡಿಗೆಗಿದ್ದವನನ್ನು ಮಾಲಕ 'ನೀವು ಬರ್ರಿ' ಅಂತ ಕರೆಯುವುದು ನನ್ನ ಜೀವನದಲ್ಲಿ ಅದೇ ಮೊದಲು.

ಅಲ್ಲಿ ಪಟ್ಟ ಪಾಡನ್ನು ಬರೆದರೆ ಒಂದು ಪುರಾಣ. ಕನ್ನಡಿಯ ದೆಸೆಯಿಂದ ಕಣ್ಣು ಎಲ್ಲಿಡಬೇಕು ತಿಳಿಯುತ್ತಿರಲಿಲ್ಲ. ಮುಂದೆ ನೋಡಿದರೆ ಹಿಂದಿನ ಹೆಣ್ಣುಮಗಳು ಕಾಣುತ್ತಾಳೆ, ಪಕ್ಕಕ್ಕೆ ತಿರುಗಿದರೆ ಇನ್ನೊಬ್ಬಳು. ತಾಲೀಮಿನ ಹೊಸ್ತಿಲನ್ನು ಹೆಂಗಸರು ದಾಟಿದ್ದನ್ನು ನಾನು ಕಂಡವನಲ್ಲ. ಛಾವಣಿಯನ್ನೇ ನೋಡುತ್ತ ನಡೆದು ಮೊಣಕಾಲಿಗೆ ಕಬ್ಬಿಣ ಬಡಿಸಿಕೊಂಡೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ದಿನಾ ನಮ್ಮ ಹೊತ್ತಿಗೇ ಬರುತ್ತಿದ್ದಳು. "ಅಂಕಲ್, ನಿಮ್ದು ಎಷ್ಟು ಸೆಟ್ ಉಳದಾವ?" ಅಂತ ಕೇಳಿದಳು. ಯಂತ್ರ ಬಿಡು ಅನ್ನುತ್ತಿದ್ದಾಳೆ ಎಂದುಕೊಂಡು, ಕುಂತಿದ್ದವನು ಎದ್ದು ಓಡಿಯೇ ಹೋದೆ. ಬೆವರಿನಲ್ಲಿ ನನ್ನ ಬೆನ್ನಿನ ಅಚ್ಚು ಅಲ್ಲೇ ಉಳಿದಿತ್ತು. ಅವಳು ತನ್ನ ಟವೆಲ್ಲಿನಿಂದ ಒರೆಸಿದಳು. ಮರುದಿನ ನಾನು ಎರಡು ಟವೆಲ್ ಒಯ್ದೆ.

ಇನ್ನೊಂದು ದಿನ. ಕಾಲಿನಿಂದ ಭಾರ ಒತ್ತುವ ಯಂತ್ರ. ಹಿಂದಿನ ದಿನ ಶೋಭಾ ಹುರುಳಿ ಸಾರು ಮಾಡಿದ್ದಳು. ನಾನು ಬಲ ಹಾಕಿ ಒತ್ತಿದೆ, ಬಲ ಇನ್ನೊಂದು ಕಡೆಯಿಂದ ಹೊರಬಿತ್ತು. ಜಿಮ್ಮಿನಲ್ಲಿ ಹಾಕಿದ್ದ ಒಂದು ಹಾಡು ಮುಗಿದು ಇನ್ನೊಂದು ಶುರುವಾಗದ ಹೊತ್ತು ಬೇರೆ, ಸಪ್ಪಳ ನಾಲ್ಕೂ ಗೋಡೆಗೆ ತಾಗಿತು. ಕಿವಿಯ ಗುಂಡಿ ಹಾಕಿಕೊಂಡವರಿಗೂ ಕೇಳಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಪದ್ಮಣ್ಣನವರು ಗಟ್ಟಿಯಾಗಿ, "ಅಯ್ಯ, ಖಾನಾಪುರ ಪ್ಯಾಸೆಂಜರ್ ಇವತ್ತ ಟೈಮಿಗೆ ಬಂತಲ್ರಿ!" ಅಂದರು. ಬ್ಯಾಂಕಿನಾಕೆ ನಕ್ಕಳು, ಸ್ನೇಹಲ್ ನಕ್ಕಳು, ಕೊನೆಗೆ ನಾನೂ ನಕ್ಕೆ. ಅದೇ ವಾರ ಅವರು ಬೈಠಕ್ ಕೂರುವಾಗ ಪ್ಯಾಂಟು ಹಿಂದಿನಿಂದ ಪರ್‍ರಂತ ಹರಿಯಿತು. "ಅರಿವಿ ಅಂಗಡಿ ಮಾಲಕರಿಗೆ ಅರಿವೀನ ಕೈ ಕೊಟ್ಟಿತಲ್ರಿ!" ಅಂತ ನಾನು ಸಾಲ ತೀರಿಸಿದೆ. ನನ್ನ ಎರಡನೆಯ ಟವೆಲ್ ಸುತ್ತಿಕೊಂಡು ಅವರು ಮನೆಗೆ ನಡೆದರು. ನಾಚಿಕೆಯಾದಾಗ ಓಡಿಹೋಗಬಾರದು, ಪಕ್ಕದಲ್ಲಿ ಒಬ್ಬ ನಗುವವನಿದ್ದರೆ ಸಾಕು. ಆ ಜಿಮ್ಮಿನಲ್ಲಿ ನಾನು ಕಲಿತ ಮೊದಲ ಪಾಠ ಅದು. ಕಲಿಸಿದವರು ಪದ್ಮಣ್ಣನವರು.

ಪ್ರೋಟೀನ್ ಸಾಲದು, ತತ್ತಿ ತಿನ್ನಿರಿ ಅಂತ ಸ್ನೇಹಲ್ ಹೇಳಿದಾಗ ಅವರು ಕಿವಿ ಮುಚ್ಚಿಕೊಂಡು, "ಮ್ಯಾಡಮ್, ಮೊಳಕಿಕಾಳ ಅನ್ರಿ, ಶೇಂಗಾ ಅನ್ರಿ, ಅದೊಂದ ಬಿಟ್ಟ ಏನರ ಅನ್ರಿ," ಅಂದರು. ನಾನು ಬರುವ ದಾರಿಯಲ್ಲಿ ಏನೋ ನೆಪ ಹೇಳಿ ಹಿಂದೆ ಉಳಿದು, ಗಾಡಿಯ ಮುಂದೆ ನಿಂತು ಎರಡು ತತ್ತಿ ತಿಂದು, ಬಡೇಸೋಪು ಅಗಿದು ಮನೆಗೆ ಬರುತ್ತಿದ್ದೆ. ಅಂಗಳ ದಾಟುವಾಗ ಪ್ರತಿ ಸಲ ಉಸಿರು ಬಿಗಿಹಿಡಿಯುತ್ತಿದ್ದೆ. ಅದೂ ಒಂದು ಅಳುಕೇ. ಆದರೆ ಮುಂದೆ ಬಂದದ್ದರ ಎದುರು ಅದು ಏನೂ ಅಲ್ಲ.

ಅದು ನಡೆದದ್ದು ಮಳೆಗಾಲ ಕಳೆಯುವ ಹೊತ್ತಿಗೆ. ಪದ್ಮಣ್ಣನವರ ಸಕ್ಕರೆ ಇಳಿದಿತ್ತು, ಹುಮ್ಮಸ್ಸು ಏರಿತ್ತು. ಬೆಂಚ್ ಪ್ರೆಸ್ ಅಂತ ಒಂದು ವ್ಯಾಯಾಮವಿದೆ. ಬೆಂಚಿನ ಮೇಲೆ ಅಂಗಾತ ಮಲಗಬೇಕು. ಎರಡೂ ತುದಿಗೆ ಕಬ್ಬಿಣದ ಗಾಲಿ ಸಿಕ್ಕಿಸಿದ ಸರಳನ್ನು ಎದೆಯವರೆಗೆ ಇಳಿಸಿ ಮತ್ತೆ ಮೇಲೆತ್ತಬೇಕು. ಅವರು ಹಗುರದ್ದನ್ನು ನೆಟ್ಟಗೆ ಎತ್ತುತ್ತಿದ್ದರು. ಅಂದು ಬೆಳಿಗ್ಗೆ ಚುಚ್ಚಿದವನು ನಾನು.

"ಇಷ್ಟ ಏನ್ರಿ ಅಣ್ಣಾರ? ನಮ್ಮ ಕಡೆ ಬಾಣಂತಿ ಇದಕಿಂತ ಜಾಸ್ತಿ ಹೊರತಾಳ."

"ಹೌದಾ? ಹಾಕ್ರಿ ಮತ್ತ ಎರಡೂ ಕಡೆ ಒಂದೊಂದು ಗಾಲಿ," ಅಂದರು. "ನೋಡೇ ಬಿಡೂಣು. ಹಿಂದ ನಿಂದರ್ರಿ ಆದ್ರ."

ನಿಂತೆ. ಕೈ ಕಟ್ಟಿಕೊಂಡು ನಿಂತೆ.

ನಮ್ಮ ತಾಲೀಮಿನಲ್ಲಿ ಒಂದು ಗುಂಡುಕಲ್ಲಿದೆ. ಅದನ್ನು ಭುಜಕ್ಕೇರಿಸಿದವನು ಗಂಡಸು. ಎತ್ತುವವನು ಎಷ್ಟೇ ನಡುಗಲಿ, ಕಣ್ಣು ಮೇಲಾಗಲಿ, ಇನ್ನೊಬ್ಬನು ಆ ಕಲ್ಲಿಗೆ ಒಂದು ಬೆರಳು ಹಚ್ಚಬಾರದು. ಹಚ್ಚಿದರೆ ಎತ್ತಿದ್ದು ಎತ್ತಿದ್ದಲ್ಲ. ಅವನ ಶ್ರಮ ಹೋಯಿತು, ಮಾನವೂ ಹೋಯಿತು. ಹಾಗೆ ಕೈ ಹಚ್ಚಿದ್ದಕ್ಕೆ ಎರಡು ಮನೆಗಳ ನಡುವೆ ಮಾತು ನಿಂತದ್ದನ್ನು ನಾನು ಕಂಡಿದ್ದೇನೆ. ಎತ್ತುವವನು 'ಹಿಡೀರಿ' ಅಂತ ಒದರಿದರೂ ಯಾರೂ ಹಿಡಿಯುವುದಿಲ್ಲ. ಆ ಒಂದು ಗಳಿಗೆ ದಾಟಿದರೆ ಕಲ್ಲು ಏರುತ್ತದೆ, ಆಮೇಲೆ ಅವನೇ ಬಂದು, ಹಿಡಿಯಲಿಲ್ಲವಲ್ಲ, ಉಪಕಾರ ಮಾಡಿದಿರಿ ಅನ್ನುತ್ತಾನೆ. ಇದು ನನ್ನ ಎಲುಬಿನಲ್ಲಿ ಕೂತ ನಿಯಮ. ಕಲ್ಲು ಕೈ ಜಾರಿದರೆ ಮುಂದೆ ಮಣ್ಣಿದೆ. ಬೆಂಚಿನ ಮೇಲೆ ಮಲಗಿದವನಿಗೆ ಬಿಡಲು ಮಣ್ಣಿಲ್ಲ, ಅವನ ಎದೆಯೇ ಇದೆ. ಅಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ.

ಒಂದು ಸಲ ಎತ್ತಿದರು. ಎರಡನೆಯ ಸಲ ಸರಳು ಎದೆಯಿಂದ ಗೇಣು ಮೇಲೆ ಬಂದು ನಿಂತಿತು.

"ಹ್ಞೂಂ! ಏರ್‍ಲಿ! ಇನ್ನಷ್ಟ!" ಅಂತ ನಾನು ಒದರಿದೆ.

"ಬಾಳಪ್ಪನವರ, ಹಿಡೀರಿ," ಅಂದರು.

ನನಗೆ ಸರಿಯಾಗಿಯೇ ಕೇಳಿತು. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ. ಕೇಳಿತು, ಆದರೂ ಕೈ ಬಿಚ್ಚಲಿಲ್ಲ. ಬದಲಿಗೆ, "ಆಗತೈತ್ರಿ ಅಣ್ಣಾರ, ಬಿಡಬ್ಯಾಡ್ರಿ!" ಅಂತ ಚಪ್ಪಾಳೆ ತಟ್ಟಿದೆ. ಸರಳು ಅವರ ಎದೆಯ ಮೇಲೆ ಕೂತಿತು. ಮುಖ ಕೆಂಪಾಗಿ, ಆಮೇಲೆ ನೀಲಿಯಾಗಿ, ಬಾಯಿಂದ ಬರೀ ಗಾಳಿ ಬಂತು. ಅತ್ತಲಿಂದ ಬ್ಯಾಂಕಿನಾಕೆ, ಇತ್ತಲಿಂದ ಸ್ನೇಹಲ್ ಓಡಿ ಬಂದು ಎರಡೂ ತುದಿ ಹಿಡಿದು ಎತ್ತಿದರು. ನಾನು ನಡುವೆ ನಿಂತಿದ್ದೆ. ನನ್ನ ಎರಡೂ ಅಂಗೈ ಇನ್ನೂ ಚಪ್ಪಾಳೆಯಲ್ಲೇ ಕೂಡಿಕೊಂಡಿದ್ದವು.

ಪದ್ಮಣ್ಣನವರನ್ನು ಎಬ್ಬಿಸಿ ಕೂರಿಸಿದಾಗ ಅವರ ಪ್ಯಾಂಟು ತೊಯ್ದಿತ್ತು. ಬೆಂಚೂ ತೊಯ್ದಿತ್ತು. ಅವರು ಅದನ್ನು ಕನ್ನಡಿಯಲ್ಲಿ ಕಂಡರು. ನಾನು ಕಂಡದ್ದನ್ನೂ ಕಂಡರು. ಜನ ಸೇರುತ್ತಿದ್ದರು. ಆಗ ಸ್ನೇಹಲ್ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು, ಕುಡಿಸಲು ಹೋದವಳ ಹಾಗೆ ಬಾಗಿ, ಅಷ್ಟೂ ನೀರನ್ನು ಅವರ ತೊಡೆಯ ಮೇಲೆ ಚೆಲ್ಲಿಬಿಟ್ಟಳು.

"ಅಯ್ಯ ದೇವರ! ಸಾರಿ ಕಾಕಾ, ಕೈ ಜಾರಿತು. ಎಲ್ಲಾ ತೋಯಿಸಿಬಿಟ್ಟೆ ನೋಡ್ರಿ," ಅಂದಳು. "ಏ, ಗರ್ದಿ ಮಾಡಬ್ಯಾಡ್ರಿ, ಒಂದ ಟವೆಲ್ ಕೊಡ್ರಿ ಯಾರರ."

ನನ್ನ ಹೆಗಲ ಮೇಲೆ ಎರಡು ಟವೆಲ್ ಇದ್ದವು. ಆದರೂ ತನ್ನದನ್ನು ಕೊಟ್ಟವಳು ಬ್ಯಾಂಕಿನಾಕೆ.

ಪಕ್ಕೆಲುಬಿನಲ್ಲಿ ಸೀಳು ಬಿಟ್ಟಿದೆ, ತಾನಾಗಿ ಕೂಡುತ್ತದೆ, ಆರಾಮ ಬೇಕು ಅಂದರು ಡಾಕ್ಟರು. ಆಟೋದಲ್ಲಿ ಮನೆಗೆ ಬಂದೆವು. ಅಂಗಳದಲ್ಲಿ ವೈನಿ ಗಾಬರಿಯಾಗಿ ನಿಂತಿದ್ದರು. ಪದ್ಮಣ್ಣನವರು ಗೋಡೆ ಹಿಡಿದುಕೊಂಡು, "ಕೈ ಜಾರಿತ. ಬಾಳಪ್ಪನವರು ಹಿಂದ ಇದ್ರು, ಹಿಡದ್ರು. ಇಲ್ಲಾಂದ್ರ ಇವತ್ತ ನಾ ಇರತಿದ್ದಿಲ್ಲ," ಅಂದರು.

ನಾನು ತಲೆ ತಗ್ಗಿಸಿದೆ. ವೈನಿ ಅದನ್ನು ವಿನಯ ಎಂದುಕೊಂಡರು. ಹೊತ್ತು ಮುಳುಗುವ ಮುಂಚೆ ನಮ್ಮ ಖೋಲಿಗೆ ಒಂದು ಡಬ್ಬಿ ತುಂಬ ಹೂರಣದ ಹೋಳಿಗೆ ಬಂತು. "ನನ್ನ ಕುಂಕುಮ ಉಳಿಸಿದ್ರಿ ತಮ್ಮಾ, ನಿಮ್ಮ ಋಣ ಹೆಂಗ ತೀರಸಲಿ," ಅಂದರು ವೈನಿ, ಕಣ್ಣಲ್ಲಿ ನೀರು. ಶೋಭಾ ಹೆಮ್ಮೆಯಿಂದ ನನ್ನ ತಾಟಿಗೆ ಎರಡು ಹಾಕಿ ಮೇಲೆ ತುಪ್ಪ ಹಾಕಿದಳು. ಒಂದು ತುತ್ತು ತಿಂದು ತಾಟನ್ನು ಮುಂದಕ್ಕೆ ಸರಿಸಿದೆ. "ಯಾಕ್ರಿ, ಸೇರಲಿಲ್ಲೇನು?" ಅಂದಳು. ತಿಂದೆ. ಎರಡನ್ನೂ ತಿಂದೆ. ಕಷ್ಟಪಟ್ಟು ದುಡಿದು ಉಂಡವನು ನಾನು. ಹಕ್ಕಿಲ್ಲದ ಅನ್ನ ಹೇಗಿರುತ್ತದೆ ಅಂತ ಆವತ್ತು ತಿಳಿಯಿತು. ಸಿಹಿಯಾಗಿಯೇ ಇರುತ್ತದೆ.

ಮುಂದಿನ ರಜೆಗೆ ಖಾನಾಪುರದ ರೈಲು ಹತ್ತಿದೆ. ನನ್ನ ತಪ್ಪನ್ನು ಯಾರಾದರೂ ಬೈಯಬೇಕಿತ್ತು, ಬೈಯಲು ಅಧಿಕಾರವಿದ್ದವನು ಮಾರುತಿ ವಸ್ತಾದ ಒಬ್ಬನೇ. ಈಗ ಮುದುಕ, ತಾಲೀಮಿನ ಕಟ್ಟೆಯ ಮೇಲೆ ಕುಂತೇ ಇರುತ್ತಾನೆ. ನನ್ನ ಜೊತೆ ಕುಸ್ತಿ ಹಿಡಿಯುತ್ತಿದ್ದ ಪರಶ್ಯಾ ಕೂಡ ಅಲ್ಲಿದ್ದ. ಎಲ್ಲವನ್ನೂ ಹೇಳಿದೆ, ತೊಯ್ದದ್ದೊಂದನ್ನು ಬಿಟ್ಟು.

ಪರಶ್ಯಾ ಬಿದ್ದು ಬಿದ್ದು ನಕ್ಕ. "ಮಲಕೊಂಡ ಎತ್ತತಾರಂತ! ಮಲಕೊಂಡ ಎತ್ತಿದ್ರ ಎದಿ ಮ್ಯಾಲ ಬೀಳದ ಆಕಾಶಕ್ಕ ಹೋಗತೈತೇನ್ಲೇ?"

ವಸ್ತಾದ ನಗಲಿಲ್ಲ. "ನೀ ಮಾಡಿದ್ದು ಬರೋಬ್ಬರಿ ಐತಿ ಬಾಳ್ಯಾ," ಅಂದ. "ಹಿಡದಿದ್ರ ಅಂವನ ಮಾನ ಹೋಗತಿತ್ತು. ಎಲುಬ ಕೂಡತೈತಿ. ಮಾನ ಕೂಡತೈತೇನು?"

ಬೈಗುಳಕ್ಕೆ ಹೋದವನಿಗೆ ಶಾಬಾಸ್ ಸಿಕ್ಕಿತು. ಬೇರೆ ಯಾರಾದರೂ ಇದೇ ಕಥೆ ಹೇಳಿದ್ದರೆ ಪರಶ್ಯಾನಿಗಿಂತ ಜೋರಾಗಿ ನಾನು ನಗುತ್ತಿದ್ದೆ, ಅದು ಗೊತ್ತು. ಆದರೆ ಆ ದಿನ ನಗು ಬರಲಿಲ್ಲ. ಕನ್ನಡಿಯಲ್ಲಿ ಕಂಡ ಆ ಮುಖವನ್ನು ಅವರಿಬ್ಬರೂ ಕಂಡಿರಲಿಲ್ಲ. ಮಾನ ಅಂದರೆ ಏನು ಅಂತ ನನಗೆ ಕಲಿಸಿದ ಮನುಷ್ಯನ ಎದುರಿಗೆ ಕುಂತು, ಇವನಿಗೆ ತಿಳಿದಿಲ್ಲ ಅಂತ ಮೊದಲ ಸಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ಪಾಪ ಹತ್ತಿದ ಹಾಗಾಯಿತು. ಕಾಲು ಮುಟ್ಟಿ ಎದ್ದೆ.

ಬೆಳಗಾವಿಯಲ್ಲಿ ಇಳಿದವನು ನೇರ ಮನೆಗೆ ಬಂದೆ. ವೈನಿ ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು. ನಿಂತೇ ಹೇಳಿಬಿಟ್ಟೆ. "ವೈನಿ, ನಾ ಹಿಡೀಲಿಲ್ರಿ. ಅಣ್ಣಾರು ಹಿಡೀರಿ ಅಂದ್ರು, ನಾ ಹಿಡೀಲಿಲ್ಲ. ಎತ್ತಿದವರು ಇಬ್ಬರು ಹೆಣ್ಣಮಕ್ಕಳು. ಆ ಹೋಳಿಗಿ ನನಗ ಸಲ್ಲೂದಲ್ರಿ."

ವೈನಿಯ ಕೈ ಮೊರದಲ್ಲೇ ನಿಂತಿತು. "ಯಾಕ ಹಿಡೀಲಿಲ್ಲ?" ಅಂದರು. ತಾಲೀಮು, ಕಲ್ಲು, ನಿಯಮ, ಎಲ್ಲ ಬಾಯಿಗೆ ಬಂತು. ಆ ಮನೆಯ ಅಂಗಳದಲ್ಲಿ ನಿಂತು ಅದನ್ನು ಹೇಳಲು ಆಗಲಿಲ್ಲ. "ತಿಳೀಲಿಲ್ರಿ," ಅಂದೆ. ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಪದ್ಮಣ್ಣನವರು ಎದೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅವರು ಸಿಟ್ಟಾದದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

"ನಿಮ್ಮನ್ನ ಉಳಸಾಕ ಸುಳ್ಳ ಹೇಳಿದ್ದೆ ಅಂತ ತಿಳಕೊಂಡ್ರೇನು? ನಾ ನನ್ನ ಸಲುವಾಗಿ ಹೇಳಿದ್ದೆ," ಅಂದರು. ಪಕ್ಕೆಲುಬಿನ ನೋವಿಗೆ ದನಿ ಸಣ್ಣದಾಗಿತ್ತು. "ಮೂವತ್ತು ವರ್ಷ ಸಂಸಾರ ಮಾಡಿದವಳ ಮುಂದ, ನಾ ಒದರಿದೆ, ಯಾರೂ ಬರಲಿಲ್ಲ, ಇಬ್ಬರು ಹುಡಿಗ್ಯಾರು ಬಂದ ಎತ್ತಿದ್ರು ಅಂತ ಹೇಳಬೇಕಾಗಿತ್ತೇನ್ರಿ ನಾನು? ಈಗ ಆಕಿ ಕೇಳಾಕತ್ತಾಳ, ಮತ್ತೇನೇನ ಮುಚ್ಚಿಟ್ಟೀರಿ ಅಂತ. ಏನ ಹೇಳಲಿ? ಅದನ್ನೂ ಹೇಳಲೇನು?"

"ಅದನ್ನ ನಾ ಹೇಳಿಲ್ರಿ ಅಣ್ಣಾರ."

"ಹಿಡೀ ಅಂದಾಗ ಹಿಡೀಲಿಲ್ಲ. ಯಾರೂ ಹಿಡೀ ಅನಲಾರದಾಗ ಬಂದ ಕೈ ಹಾಕಿದ್ರಿ," ಅಂದು ಹೊರಟುಹೋದರು.

ಶೋಭಾ ಒಲೆಯ ಮುಂದೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಬ್ಯಾರೆ ಮನಿ ನೋಡೂದೇನು?" ಅಂತ ಮಾತ್ರ ಕೇಳಿದಳು.

ಅವರು ಹೋಗು ಅನ್ನಲಿಲ್ಲ. ಮಾತೂ ಆಡಲಿಲ್ಲ. ಒಂದೇ ಅಂಗಳ, ಒಂದೇ ನಳ. ನಾನು ಕೊಡ ತುಂಬಲು ಹೋದರೆ ವೈನಿ ತಮ್ಮ ಕೊಡ ಎತ್ತಿಕೊಂಡು ದಾರಿ ಬಿಡುತ್ತಿದ್ದರು. ಬೈಯುವ ಊರಿನಿಂದ ಬಂದವನಿಗೆ ಆ ಸುಮ್ಮನಿರುವಿಕೆ ಬಹಳ ದಿನ ಹೊಡೆತದ ಹಾಗಿತ್ತು. ನಮ್ಮ ಓಣಿಯಲ್ಲಾದರೆ ಅಷ್ಟೊತ್ತಿಗೆ ನಾಲ್ಕು ಜನ ಸೇರಿ ಒದರಾಡಿ ಚಹಾ ಕುಡಿದು ಮುಗಿಸುತ್ತಿದ್ದರು.

ನಾನು ಒಬ್ಬನೇ ಜಿಮ್ಮಿಗೆ ಹೋದೆ. ನಾಚಿಕೆಯಾದಾಗ ಓಡಿಹೋಗಬಾರದು ಅಂತ ಕಲಿತಿದ್ದೆನಲ್ಲ. ಬ್ಯಾಂಕಿನಾಕೆ ನನ್ನ ಪಕ್ಕದ ಬೆಂಚು ಬಿಟ್ಟು ಆಚೆ ಹೋದಳು. ಸರಿಯೇ. ಸ್ನೇಹಲ್‌ಳ ಹತ್ತಿರ ಹೋಗಿ, "ಮ್ಯಾಡಮ್, ನನಗ ಎತ್ತೂದು ಕಲಸಬ್ಯಾಡ್ರಿ. ಹಿಂದ ನಿಂದರೂದು ಕಲಸ್ರಿ," ಅಂದೆ. ಅವಳು ನಗಲಿಲ್ಲ. ಅದಕ್ಕೆ ಅಲ್ಲಿ ಸ್ಪಾಟಿಂಗ್ ಅನ್ನುತ್ತಾರೆ, ಅದೂ ಒಂದು ವಿದ್ಯೆ. "ಕೈ ಸರಳಿನ ಕೆಳಗ ಇರಬೇಕು ಕಾಕಾ, ಆದ್ರ ಹತ್ತಬಾರದು. ಅವರು ಏರಸೂತನಾ ಅದು ಅವರ ಭಾರ. ನಿಂತಿತು ಅಂದ್ರ ನಿಮ್ಮದು. ಕಣ್ಣು ಕಬ್ಬಿಣದ ಮ್ಯಾಲ ಇಡಬ್ಯಾಡ್ರಿ, ಅವರ ಮುಖದ ಮ್ಯಾಲ ಇಡ್ರಿ." ತನ್ನ ಸರಳಿಗೇ ನನ್ನನ್ನು ನಿಲ್ಲಿಸಿಕೊಂಡಳು. ನನ್ನ ಕೈ ಮೊದಮೊದಲು ಬೆದರಿದ ದನದ ಹಾಗೆ ಹಿಂದೆ ಸರಿಯುತ್ತಿತ್ತು. ಬೈದು ಬೈದು ಮುಂದೆ ತರಿಸಿದಳು. ಕೊನೆಗೊಂದು ದಿನ ಬ್ಯಾಂಕಿನಾಕೆ ಮಲಗಿ, ನನ್ನ ಕಡೆ ನೋಡದೆಯೇ, "ಅಂಕಲ್, ಒಂದ ಸ್ಪಾಟ್ ಕೊಡ್ರಿ," ಅಂದಳು. ಬೆಳಗಾವಿಯಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಅದಕ್ಕೆ ನಾನು ಅರ್ಹನಲ್ಲ ಅಂತಲೂ ಗೊತ್ತಿತ್ತು.

ಪದ್ಮಣ್ಣನವರ ಎಲುಬು ಕೂಡಿತು. ಒಂದು ಬೆಳಿಗ್ಗೆ ನಾನು ಟವೆಲ್ ಹಾಕಿಕೊಂಡು ಅಂಗಳ ದಾಟುವಾಗ ಅವರು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹಿಂದೆ ವೈನಿ.

"ಆಕಿ 'ನಾನೂ ಬರತೇನಿ, ನಾ ಹಿಡೀತೇನಿ' ಅನ್ನಾಕತ್ತಾಳ," ಅಂದರು, ನನ್ನ ಮುಖ ನೋಡದೆ. "ಅದಕಿಂತ ನೀವ ಬೇಶಿ."

ಇಬ್ಬರೂ ಕೂಡಿ ಜಿಮ್ಮಿಗೆ ನಡೆದೆವು. ಸ್ನೇಹಲ್ ಅವರಿಗೆ ಗಾಲಿಯಿಲ್ಲದ ಬರೀ ಸರಳು ಕೊಟ್ಟಳು. ನಾನು ಹಿಂದೆ ನಿಂತೆ. ಮುಖ ನೋಡುತ್ತ, ಅಂಗೈ ಕೆಳಗಿಟ್ಟು, ಅವರು ಇಳಿಸಿದರೆ ಇಳಿಸಿ, ಏರಿಸಿದರೆ ಏರಿಸಿ. ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿಯಿತು.

"ಇಷ್ಟ ಹಂತೇಲಿ ಬರಬ್ಯಾಡ್ರಿ ಮಾರಾಯಾ, ನಿಮ್ಮ ಬೆವರ ನನ್ನ ಬಾಯಾಗ ಬೀಳಾಕತ್ತೇತಿ," ಅಂದರು ಪದ್ಮಣ್ಣನವರು. ಆಮೇಲೆ ಸಣ್ಣಗೆ, "ದೂರನೂ ಹೋಗಬ್ಯಾಡ್ರಿ," ಅಂದರು. ಕ್ಷಮಿಸಿದೆ ಅಂತ ಅವರು ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಈ ಬರಹವನ್ನು ಮಾತ್ರ ಅವರಿಗೆ ಓದಿ ತೋರಿಸಿದೆ. "ಹೆಸರ ಬದಲ ಮಾಡ್ರಿ. ಆ ನೀರಿಂದು ಬರೀರಿ, ಆ ಹುಡುಗಿ ಪುಣ್ಯಾತ್ಗಿತ್ತಿ. ನಿಮ್ಮ ವೈನಿ ಓದಿದ್ರ ಓದಲಿ," ಅಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ದೀಪಾವಳಿ ಪಾಡ್ಯಕ್ಕೆ ಊರಿಗೆ ಹೋದೆ. ಆ ದಿನ ತಾಲೀಮಿನಲ್ಲಿ ಕಲ್ಲಿನ ಪೂಜೆ ಮಾಡಿ, ಎತ್ತುವವರು ಎತ್ತುತ್ತಾರೆ. ಹೊಸಬರೆಲ್ಲ ಎತ್ತಿ ಮುಗಿದ ಮೇಲೆ ಪರಶ್ಯಾ ಅಂಗಿ ಕಳಚಿದ. "ಮುದುಕಾದ್ಯೋ, ಕುಂಡ್ರು," ಅಂತ ಯಾರೋ ಅಂದರು. "ನಿಮ್ಮವ್ವನ, ನೋಡ್ರಿ ಮತ್ತ," ಅಂದ. ಕಲ್ಲು ಮೊಣಕಾಲಿಗೆ ಬಂತು, ಎದೆಗೆ ಬಂತು. ಭುಜಕ್ಕೆ ಇನ್ನು ನಾಲ್ಕು ಬೆರಳು ಇರುವಾಗ ನಿಂತಿತು. ಎಲ್ಲರೂ ಕಲ್ಲು ನೋಡುತ್ತಿದ್ದರು. ನಾನು ಅವನ ಮುಖ ನೋಡುತ್ತಿದ್ದೆ. ಆ ಮುಖ ನೀಲಿಗೆ ತಿರುಗುತ್ತಿತ್ತು.

ನಾನು ಹೆಜ್ಜೆ ಇಟ್ಟದ್ದು ನೆನಪಿಲ್ಲ. ಅಂಗೈಗೆ ಕಲ್ಲು ತಣ್ಣಗೆ ಹತ್ತಿದ್ದು ನೆನಪಿದೆ.

ಪರಶ್ಯಾ ಕಲ್ಲನ್ನು ಮಣ್ಣಿಗೆ ಎಸೆದು ಏದುಸಿರು ಬಿಡುತ್ತ ನನ್ನ ಕಡೆ ತಿರುಗಿದ.

"ಕೈ ಯಾಕ ಹಚ್ಚಿದಿಲೇ ಬಾಳ್ಯಾ?"

"ಬೀಳತಿತ್ತಲೋ."

"ಬೀಳತಿತ್ತು. ನಂದು ಬೀಳತಿತ್ತು!" ಅವನ ಕಣ್ಣು ತುಂಬಿದ್ದವು. ಆ ವಯಸ್ಸಿಗೆ ಕಲ್ಲೆತ್ತಲು ಇನ್ನೊಂದು ವರ್ಷ ಸಿಕ್ಕೀತು ಅನ್ನುವ ಭರವಸೆ ಇರುವುದಿಲ್ಲ.

ವಸ್ತಾದ ಕಟ್ಟೆಯ ಮೇಲೆಯೇ ಕುಂತಿದ್ದ. ನಾನು ಕಾಲು ಮುಟ್ಟಲು ಹೋದಾಗ ಕಾಲನ್ನು ಮಡಚಿ ಮೇಲಿಟ್ಟುಕೊಂಡ.

ಮರುದಿನ ಬೆಳಿಗ್ಗೆ ಜಿಮ್ಮಿನಲ್ಲಿ ಪದ್ಮಣ್ಣನವರು ಮಲಗಿ ಸರಳು ಹಿಡಿದರು. ನಾನು ಹಿಂದೆ ನಿಂತೆ. ನನ್ನ ಕೈ ಸರಳಿನ ಕೆಳಗೆ ಹೋಗಲು ಒಂದು ಗಳಿಗೆ ತಡವಾಯಿತು. ಅವರು ಕೆಳಗಿನಿಂದ ಅದನ್ನು ಕಂಡರು. ಸರಳು ಎತ್ತದೆ ಹಾಗೇ ಮಲಗಿ ನನ್ನನ್ನೇ ನೋಡಿದರು.

"ಊರಿಂದ ಯಾವಾಗ ಬಂದ್ರಿ ಬಾಳಪ್ಪನವರ?"

"ಇನ್ನೂ ಬರಾಕತ್ತೇನ್ರಿ," ಅಂದೆ.